ಹಳೆಯ ಪತ್ರಿಕೆಯ ಒಂದು ಪುಟ: ಡೊನಾಲ್ಡ್ ವಿರುದ್ಧ ಯುನೈಟೆಡ್ ಕ್ಲಾನ್ಸ್ ಪ್ರಕರಣ

ಕೊಂದವರು ಇಬ್ಬರು. ಒಬ್ಬನಿಗೆ ಮರಣದಂಡನೆ, ಇನ್ನೊಬ್ಬನಿಗೆ ಜೀವಾವಧಿ ಶಿಕ್ಷೆಯಾಯಿತು. ಸಾಮಾನ್ಯವಾಗಿ ಇಲ್ಲಿಗೆ ಕಡತ ಮುಚ್ಚುತ್ತದೆ. ಅಮೆರಿಕದ ಅಲಬಾಮ ರಾಜ್ಯದ ಮೊಬೀಲ್ ನಗರದಲ್ಲಿ 1981ರಲ್ಲಿ ನಡೆದ ಮೈಕಲ್ ಡೊನಾಲ್ಡ್ ಹತ್ಯೆಯ ಕಡತ ಮಾತ್ರ ಹಾಗೆ ಮುಚ್ಚಲಿಲ್ಲ. ಆತನ ತಾಯಿ, ದ್ವೇಷ ಸಂಘಟನೆಗಳ ಮೇಲೆ ನಿಗಾ ಇಡುವ ಒಂದು ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಕೊಂದವರು ಸೇರಿದ್ದ ಯುನೈಟೆಡ್ ಕ್ಲಾನ್ಸ್ ಎಂಬ ಇಡೀ ಸಂಘಟನೆಯ ಮೇಲೆಯೇ ಸಿವಿಲ್ ದಾವೆ ಹೂಡಿದರು. 1987ರ ಫೆಬ್ರವರಿಯಲ್ಲಿ ಗೆದ್ದರು. ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಕ್ಲಾನ್ (ಬಿಳಿಯರೇ ಶ್ರೇಷ್ಠರೆನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪು) ಎನಿಸಿಕೊಂಡಿದ್ದ ಆ ಸಂಘಟನೆ ತನ್ನ ಪ್ರಧಾನ ಕಚೇರಿಯ ಕಟ್ಟಡವನ್ನು ಆ ತಾಯಿಗೆ ಬರೆದುಕೊಡಬೇಕಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಸಾಹಸದ ಕಥೆಯಂತೆ ಹೇಳುತ್ತಾರೆ: ಧೀರ ವಕೀಲ, ದುಷ್ಟ ಸಂಘಟನೆ, ನೊಂದ ತಾಯಿ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅಷ್ಟೇನೂ ರೋಚಕವಲ್ಲದ ಒಂದು ಕೆಲಸ. ಇತರರು ಓದಿ ಎಸೆಯುವ ಕಾಗದವನ್ನು ವರ್ಷಗಟ್ಟಲೆ ಜೋಪಾನವಾಗಿ ಎತ್ತಿಡುವ ಗುಮಾಸ್ತಿಕೆ. ಕೊಲೆಗಾರರಿಂದ ಸಂಘಟನೆಯವರೆಗೆ ಹಗ್ಗ ಕಟ್ಟಿದ್ದು ಅದೇ.

ಕೊಲೆ

ಹಿನ್ನೆಲೆಯಿಂದ ಆರಂಭಿಸೋಣ. 1979ರಲ್ಲಿ ಬರ್ಮಿಂಗ್‌ಹ್ಯಾಂ ನಗರದಲ್ಲಿ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬ ಗುಂಡಿಗೆ ಬಲಿಯಾದ. ಆರೋಪಿ ಕಪ್ಪುವರ್ಣೀಯ. ವಿಚಾರಣೆಯನ್ನು ಮೊಬೀಲ್‌ಗೆ ವರ್ಗಾಯಿಸಲಾಗಿತ್ತು. 1981ರ ಮಾರ್ಚ್ 20ರಂದು ಜ್ಯೂರಿ ಒಮ್ಮತಕ್ಕೆ ಬರಲಾಗದೆ ವಿಚಾರಣೆ ತೀರ್ಪಿಲ್ಲದೆ ನಿಂತಿತು. ಆ ಜ್ಯೂರಿಯಲ್ಲಿ ಕಪ್ಪುವರ್ಣೀಯರೂ ಇದ್ದರು ಎಂಬುದೇ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕದ ಸ್ಥಳೀಯ ಘಟಕಕ್ಕೆ ಕಣ್ಣು ಕೆಂಪಾಗಲು ಸಾಕಾಯಿತು. ಆ ವಾರದ ಸಭೆಯಲ್ಲಿಯೇ ಬೆನ್ನಿ ಜ್ಯಾಕ್ ಹೇಸ್ ಎಂಬ ಹಿರಿಯ ಪದಾಧಿಕಾರಿ, ಬಿಳಿಯನನ್ನು ಕೊಂದ ಕಪ್ಪುವರ್ಣೀಯ ತಪ್ಪಿಸಿಕೊಳ್ಳಬಹುದಾದರೆ ಕಪ್ಪುವರ್ಣೀಯನನ್ನು ಕೊಂದ ಬಿಳಿಯನೂ ತಪ್ಪಿಸಿಕೊಳ್ಳಬಹುದು ಎಂಬರ್ಥದ ಮಾತನಾಡಿದ್ದ.

ಮಾರ್ಚ್ 20ರ ರಾತ್ರಿ ಬೆನ್ನಿಯ ಮಗ, 26 ವರ್ಷದ ಹೆನ್ರಿ ಹೇಸ್, ಮತ್ತು 17 ವರ್ಷದ ಜೇಮ್ಸ್ ನೋಲ್ಸ್ ಕಾರು ಹತ್ತಿ ಕಪ್ಪುವರ್ಣೀಯರು ವಾಸಿಸುವ ಬೀದಿಗಳಲ್ಲಿ ಸುತ್ತಿದರು. ಒಂಟಿಯಾಗಿ ನಡೆದು ಬರುತ್ತಿದ್ದ ಡೊನಾಲ್ಡ್ ಕಣ್ಣಿಗೆ ಬಿದ್ದ. ವಯಸ್ಸು 19. ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿ. ಬಿಡುವಿನಲ್ಲಿ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ ದುಡಿಯುತ್ತಿದ್ದ. ದಾರಿ ಕೇಳುವ ನೆಪದಲ್ಲಿ ಹತ್ತಿರ ಕರೆದು, ಬಂದೂಕು ತೋರಿಸಿ ಕಾರಿಗೆ ಹತ್ತಿಸಿಕೊಂಡರು. ಪಕ್ಕದ ಕೌಂಟಿಯ ಕಾಡಿಗೆ ಒಯ್ದು ಮರದ ಕೊಂಬೆಯಿಂದ ಹೊಡೆದರು, ಕುಣಿಕೆ ಬಿಗಿದರು, ಕತ್ತು ಕೊಯ್ದರು. ಕುಣಿಕೆಯನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದರು, ಅದೂ ಸಂಪ್ರದಾಯದ ಹದಿಮೂರು ಸುತ್ತು ಹಾಕಿ. ಹಗ್ಗ ಕೊಟ್ಟವನು ಫ್ರ್ಯಾಂಕ್ ಕಾಕ್ಸ್ ಎಂಬ ಇನ್ನೊಬ್ಬ ಕ್ಲಾನ್ ಸದಸ್ಯ. ಶವವನ್ನು ಊರಿಗೆ ಮರಳಿ ತಂದು ಹರ್ನ್‌ಡನ್ ಅವೆನ್ಯೂ ಎಂಬ ಬೀದಿಯ ಮರಕ್ಕೆ ನೇತುಹಾಕಿದರು. ಎದುರುಗಡೆ ಹೇಸ್ ಕುಟುಂಬದ ಮನೆಗಳೇ ಇದ್ದವು. ಅದೇ ರಾತ್ರಿ ಘಟಕದ ಇತರರು ನ್ಯಾಯಾಲಯದ ಆವರಣದಲ್ಲಿ ಶಿಲುಬೆಯೊಂದನ್ನು ಸುಟ್ಟರು.

ಡೊನಾಲ್ಡ್‌ಗೂ ಬರ್ಮಿಂಗ್‌ಹ್ಯಾಂ ಪ್ರಕರಣಕ್ಕೂ ಯಾವ ನಂಟೂ ಇರಲಿಲ್ಲ. ದ್ವೇಷಾಪರಾಧವನ್ನು ಸಾಧಾರಣ ಕೊಲೆಯಿಂದ ಬೇರೆ ಮಾಡುವುದು ಇದೇ: ಇಲ್ಲಿ ಬಲಿಯಾದವನು ಯಾರು ಎಂಬುದು ಕೊಂದವರಿಗೆ ಮುಖ್ಯವಲ್ಲ, ಯಾವ ಗುಂಪಿಗೆ ಸೇರಿದವನು ಎಂಬುದಷ್ಟೇ ಮುಖ್ಯ. ಶವವನ್ನು ಬಚ್ಚಿಡದೆ ನಡುಬೀದಿಯಲ್ಲಿ ನೇತುಹಾಕಿದ್ದೂ ಅದಕ್ಕೇ. ಅದು ಇಡೀ ಸಮುದಾಯ ಓದಲಿ ಎಂದು ಬರೆದ ಓಲೆ.

ದಾರಿ ತಪ್ಪಿದ ತನಿಖೆ

ಸ್ಥಳೀಯ ಪೊಲೀಸರಿಗೆ ಮೊದಲು ಹೊಳೆದದ್ದು ಮಾದಕ ವಸ್ತುವಿನ ವ್ಯವಹಾರ. ಮೂವರನ್ನು ಬಂಧಿಸಿದರು, ಆರೋಪ ನಿಲ್ಲದೆ ಬಿಡಬೇಕಾಯಿತು. ಸತ್ತವನ ನಡತೆಯ ಮೇಲೆಯೇ ಅನುಮಾನ ತಿರುಗಿಸುವುದು ಇಂಥ ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಚಾಳಿ. ತಾಯಿ ಬ್ಯೂಲಾ ಮೇ ಡೊನಾಲ್ಡ್‌ಗೆ ಮೈಕಲ್ ಕೊನೆಯ ಮಗ. ಅಂತ್ಯಕ್ರಿಯೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದೇ ಇರಲಿ, ಮಗನಿಗೆ ಏನು ಮಾಡಿದ್ದಾರೆಂದು ಜಗತ್ತು ನೋಡಲಿ ಎಂದು ಆಕೆ ಪಟ್ಟು ಹಿಡಿದರು. ನಾಗರಿಕ ಹಕ್ಕುಗಳ ಮುಖಂಡ ಜೆಸ್ಸಿ ಜ್ಯಾಕ್ಸನ್ ಬಂದು ಪ್ರತಿಭಟನಾ ಮೆರವಣಿಗೆ ನಡೆಸಿದರು.

ತನಿಖೆಯನ್ನು ಬದುಕಿಸಿದವರು ಇಬ್ಬರು ಸಹೋದರರು. ರಾಜ್ಯದ ಸೆನೆಟರ್ ಆಗಿದ್ದ ಮೈಕಲ್ ಫಿಗರ್ಸ್ ತಾಯಿಯ ವಕೀಲರಾಗಿ ನಿಂತರು. ಮೊಬೀಲ್‌ನಲ್ಲಿ ಫೆಡರಲ್ ಸರ್ಕಾರದ ಸಹಾಯಕ ಅಭಿಯೋಜಕರಾಗಿದ್ದ ಥಾಮಸ್ ಫಿಗರ್ಸ್, ಫೆಡರಲ್ ತನಿಖಾ ಸಂಸ್ಥೆಯಾದ ಎಫ್‌ಬಿಐ ಎರಡನೇ ಬಾರಿ ತನಿಖೆ ನಡೆಸುವಂತೆ ಹಟ ಬಿಡದೆ ಒತ್ತಾಯಿಸಿದರು. 1983ರಲ್ಲಿ ನೋಲ್ಸ್ ತಪ್ಪೊಪ್ಪಿಕೊಂಡು ಜೊತೆಗಾರನ ವಿರುದ್ಧ ಸಾಕ್ಷಿ ಹೇಳಿದ. ಹೆನ್ರಿ ಹೇಸ್‌ಗೆ ಜೀವಾವಧಿ ಶಿಕ್ಷೆ ಸಾಕೆಂದು ಜ್ಯೂರಿ ಶಿಫಾರಸು ಮಾಡಿದರೂ ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರಣದಂಡನೆ ವಿಧಿಸಿದರು. 1997ರ ಜೂನ್ 6ರಂದು ಶಿಕ್ಷೆ ಜಾರಿಯಾಯಿತು. ಕಪ್ಪುವರ್ಣೀಯನನ್ನು ಕೊಂದದ್ದಕ್ಕಾಗಿ ಅಲಬಾಮ ರಾಜ್ಯ ಬಿಳಿಯನೊಬ್ಬನಿಗೆ ಮರಣದಂಡನೆ ಜಾರಿ ಮಾಡಿದ್ದು 1913ರ ನಂತರ ಅದೇ ಮೊದಲು.

ಇಲ್ಲಿಯವರೆಗಿನ ಕೆಲಸದಲ್ಲಿ ನಿಗಾ ಸಂಸ್ಥೆಯ ಪಾತ್ರ ಇಲ್ಲ ಎಂಬುದನ್ನು ಗುರುತಿಸಿಕೊಳ್ಳಬೇಕು. ಅಪರಾಧಿಗಳನ್ನು ಹಿಡಿಸಿದ್ದು ಒಂದು ಕುಟುಂಬ, ಇಬ್ಬರು ವಕೀಲರು ಮತ್ತು ತಡವಾಗಿಯಾದರೂ ಎಚ್ಚೆತ್ತ ಸರ್ಕಾರಿ ತನಿಖೆ. ಮುಂದೆ ಈ ಪ್ರಕರಣದ ಕೀರ್ತಿ ಹಂಚಿಕೆಯಾದಾಗ ಫಿಗರ್ಸ್ ಸಹೋದರರ ಪಾಲಿಗೆ ಬಂದದ್ದು ಕಡಿಮೆ.

ಕಾಗದ ಕೂಡಿಡುವವರು

ಸದರ್ನ್ ಪಾವರ್ಟಿ ಲಾ ಸೆಂಟರ್ 1971ರಲ್ಲಿ ಅಲಬಾಮದ ರಾಜಧಾನಿ ಮಾಂಟ್ಗೊಮರಿಯಲ್ಲಿ ಹುಟ್ಟಿತು. ಮಾರಿಸ್ ಡೀಸ್ ಮತ್ತು ಜೋಸೆಫ್ ಲೆವಿನ್ ಎಂಬ ವಕೀಲರು ಸ್ಥಾಪಕರು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಹೆಸರಾಗಿದ್ದ ಜೂಲಿಯನ್ ಬಾಂಡ್ ಮೊದಲ ಅಧ್ಯಕ್ಷರು. ಹೆಸರೇ ಹೇಳುವಂತೆ ಬಡವರ ಪರ ಕಾನೂನು ಹೋರಾಟ ಅದರ ಮೂಲ ಕೆಲಸವಾಗಿತ್ತು. 1970ರ ದಶಕದ ಕೊನೆಗೆ ಕ್ಲಾನ್ ಮತ್ತೆ ತಲೆ ಎತ್ತಿದಾಗ ಅದು ಕ್ಲಾನ್‌ವಾಚ್ ಎಂಬ ವಿಭಾಗವನ್ನು ತೆರೆಯಿತು.

ಪೊಲೀಸರಿರುವಾಗ, ಎಫ್‌ಬಿಐ ಇರುವಾಗ ಖಾಸಗಿ ಸಂಸ್ಥೆಗೆ ಈ ಉಸಾಬರಿ ಏಕೆ? ಇದಕ್ಕೆ ಗಟ್ಟಿಯಾದ ಉತ್ತರವಿದೆ. 1956ರಿಂದ 1971ರವರೆಗೆ ಎಫ್‌ಬಿಐ ‘ಕೋಇಂಟೆಲ್‌ಪ್ರೊ’ ಎಂಬ ರಹಸ್ಯ ಕಾರ್ಯಕ್ರಮದಡಿ ದೇಶದೊಳಗಿನ ಸಂಘಟನೆಗಳಲ್ಲಿ ನುಸುಳಿ ಅವುಗಳನ್ನು ಒಡೆಯುವ ಕೆಲಸ ಮಾಡುತ್ತಿತ್ತು. ಕ್ಲಾನ್ ಅದರ ಗುರಿಗಳಲ್ಲಿ ಒಂದು. ಮಾರ್ಟಿನ್ ಲೂಥರ್ ಕಿಂಗ್ ಸಹ ಅದರ ಕಾಟಕ್ಕೆ ಗುರಿಯಾದವರು. ಈ ಅತಿರೇಕಗಳು ಬಯಲಾದ ಮೇಲೆ 1976ರಲ್ಲಿ ಅಟಾರ್ನಿ ಜನರಲ್ ಎಡ್ವರ್ಡ್ ಲೆವಿ ಹೊಸ ನಿಯಮಾವಳಿ ತಂದರು. ಅಪರಾಧದ ಸುಳಿವಿಲ್ಲದೆ ಕೇವಲ ಮಾತು, ಸಭೆ, ಪ್ರಕಟಣೆಗಳ ಕಾರಣಕ್ಕೆ ಯಾರನ್ನೂ ಹಿಂಬಾಲಿಸಬಾರದೆಂಬುದು ಅದರ ಸಾರ. ಪ್ರಜಾಪ್ರಭುತ್ವಕ್ಕೆ ಅದು ಬೇಕಾಗಿಯೇ ಇತ್ತು. ಆದರೆ ಒಂದು ತೆರಪು ಉಳಿಯಿತು. ದ್ವೇಷದ ಸಂಘಟನೆ ಇಂದು ಬರೆಯುವುದು, ಭಾಷಣ ಮಾಡುವುದು ಅಪರಾಧವಲ್ಲ. ಹತ್ತು ವರ್ಷದ ನಂತರ ಒಂದು ಕೊಲೆಯಾದಾಗ ಆ ಬರಹವೇ ಸಾಕ್ಷ್ಯವಾಗಬಹುದು. ಅಲ್ಲಿಯವರೆಗೆ ಅದನ್ನು ಎತ್ತಿಟ್ಟುಕೊಳ್ಳುವವರು ಯಾರು? ಸರ್ಕಾರ ಮಾಡಿದರೆ ಬೇಹುಗಾರಿಕೆಯಾಗುತ್ತದೆ. ನಾಗರಿಕರು ಮಾಡಿದರೆ ಪತ್ರಿಕೆ ಓದಿದಂತೆ.

ಅಂಕಿ ಅಂಶದ ಸ್ಥಿತಿಯೂ ಅಷ್ಟೇ ಆಗಿತ್ತು. ದ್ವೇಷಾಪರಾಧಗಳ ಲೆಕ್ಕ ಇಡಬೇಕೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿದ್ದೇ 1990ರಲ್ಲಿ. ಅದಾದ ಮೇಲೂ ಸ್ಥಳೀಯ ಪೊಲೀಸ್ ಠಾಣೆಗಳು ಲೆಕ್ಕ ಕಳುಹಿಸುವುದು ಅವುಗಳ ಇಚ್ಛೆಗೆ ಬಿಟ್ಟದ್ದು. ಎಷ್ಟೋ ಠಾಣೆಗಳು ಸೊನ್ನೆ ಬರೆದು ಕೈತೊಳೆದುಕೊಳ್ಳುತ್ತವೆ. 1913ರಲ್ಲಿ ಸ್ಥಾಪನೆಯಾದ ಆ್ಯಂಟಿ ಡಿಫಮೇಷನ್ ಲೀಗ್‌ನಂಥ ಸಂಸ್ಥೆಗಳು ತಾವೇ ಲೆಕ್ಕ ಇಡಲು ಆರಂಭಿಸಿದ್ದು ಈ ಕೊರತೆಯಿಂದ.

ಕ್ಲಾನ್‌ವಾಚ್‌ನ ಕೆಲಸದಲ್ಲಿ ಪತ್ತೇದಾರಿ ಕಥೆಗಳ ಸೊಗಸು ಏನೂ ಇರಲಿಲ್ಲ. ಕ್ಲಾನ್ ಪತ್ರಿಕೆಗಳು, ಕರಪತ್ರಗಳು, ಊರೂರಿನ ಪತ್ರಿಕಾ ತುಣುಕುಗಳು, ನ್ಯಾಯಾಲಯದ ದಾಖಲೆಗಳು, ಮೆರವಣಿಗೆಯ ಫೋಟೊಗಳು, ಸಂಘಟನೆ ಬಿಟ್ಟು ಬಂದವರ ಹೇಳಿಕೆಗಳು: ಇವನ್ನೆಲ್ಲ ಹೆಸರು, ಊರು, ದಿನಾಂಕದ ಪ್ರಕಾರ ಜೋಡಿಸಿಡುವುದು. ಇದು ಎಷ್ಟು ಮಹತ್ವದ್ದೆಂದು ಎದುರಾಳಿಗಳಿಗೆ ಚೆನ್ನಾಗಿ ಗೊತ್ತಿತ್ತು. 1983ರ ಜುಲೈನಲ್ಲಿ ಸಂಸ್ಥೆಯ ಕಚೇರಿಗೆ ಬೆಂಕಿ ಬಿತ್ತು. ಹಚ್ಚಿದ ಕ್ಲಾನ್ ಸದಸ್ಯರು ಮುಂದೆ ತಪ್ಪೊಪ್ಪಿಕೊಂಡರು.

ಸಂಘಟನೆಯನ್ನು ಹೊಣೆ ಮಾಡುವುದು ಹೇಗೆ

ದಾವೆ ದಾಖಲಾದದ್ದು 1984ರಲ್ಲಿ, ಫೆಡರಲ್ ನ್ಯಾಯಾಲಯದಲ್ಲಿ. ತಾಯಿಯ ಪರವಾಗಿ ಮೈಕಲ್ ಫಿಗರ್ಸ್ ಮತ್ತು ಮಾರಿಸ್ ಡೀಸ್. ಪ್ರತಿವಾದಿಗಳಲ್ಲಿ ಕೊಲೆಗಾರರು, ಸ್ಥಳೀಯ ಘಟಕದ ಇತರರು ಮತ್ತು, ಮುಖ್ಯವಾಗಿ, ಯುನೈಟೆಡ್ ಕ್ಲಾನ್ಸ್ ಸಂಘಟನೆಯೇ ಇತ್ತು. ತನಗೆ ಹಣದ ಯೋಚನೆ ಇರಲಿಲ್ಲ, ಮಗನನ್ನು ನಿಜವಾಗಿ ಕೊಂದವರು ಯಾರು ಯಾರು ಎಂದು ತಿಳಿಯಬೇಕಿತ್ತು ಎಂದು ತಾಯಿ ಆಮೇಲೆ ಹೇಳಿಕೊಂಡಿದ್ದಾರೆ. ಆ ‘ಯಾರು ಯಾರು’ ಎಂಬ ಪ್ರಶ್ನೆಗೆ ಕ್ರಿಮಿನಲ್ ವಿಚಾರಣೆ ಪೂರ್ತಿ ಉತ್ತರ ಕೊಟ್ಟಿರಲಿಲ್ಲ.

ಕಾನೂನಿನ ಆಧಾರ ಹೊಸದೇನಲ್ಲ. ಸಾಗಾಣಿಕೆ ಸಂಸ್ಥೆಯ ಲಾರಿ ಚಾಲಕ ಕೆಲಸದ ಮೇಲಿದ್ದಾಗ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರ ಕೊಡಬೇಕಾದದ್ದು ಸಂಸ್ಥೆ. ಅದೇ ಚಾಲಕ ರಜೆಯ ದಿನ ಜಗಳವಾಡಿ ಯಾರ ಮೂಗು ಮುರಿದರೂ ಸಂಸ್ಥೆಗೆ ಸಂಬಂಧವಿಲ್ಲ. ಡೀಸ್ ಸಾಧಿಸಬೇಕಿದ್ದದ್ದು ಇಷ್ಟು: ಹೆನ್ರಿ ಹೇಸ್ ಮತ್ತು ನೋಲ್ಸ್ ಆ ರಾತ್ರಿ ‘ಕೆಲಸದ ಮೇಲೆ’ ಇದ್ದರು. ಹಿಂಸೆ ಅವರಿಬ್ಬರ ಖಾಸಗಿ ಹುಚ್ಚಾಗಿರಲಿಲ್ಲ. ಅದು ಸಂಘಟನೆಯ ನೀತಿಯಾಗಿತ್ತು, ಅದನ್ನು ಅವರು ಕಾರ್ಯಗತ ಮಾಡಿದರು.

ಈ ವಾದಕ್ಕೆ ಮೂರು ಆಸರೆ ಬೇಕಿತ್ತು. ಮೊದಲನೆಯದು, ಮೇಲಿನವರು ಹೇಳಿದ್ದನ್ನು ಕೆಳಗಿನವರು ಮಾಡುವ ಸೈನಿಕ ಸ್ವರೂಪದ ಶ್ರೇಣಿ. ಇದನ್ನು ತೋರಿಸುವುದು ಕಷ್ಟವಾಗಲಿಲ್ಲ. ವೈಭವದ ಬಿರುದುಗಳು, ಘಟಕಗಳ ಸಂಖ್ಯೆ, ಪ್ರಮಾಣ ವಚನ ಎಲ್ಲವೂ ಅದನ್ನೇ ಸಾರುತ್ತಿದ್ದವು. ಮೊಬೀಲ್‌ನದು 900ನೇ ಘಟಕ. ಟಸ್ಕಲೂಸಾದಲ್ಲಿ ಕುಳಿತಿದ್ದ ರಾಬರ್ಟ್ ಶೆಲ್ಟನ್ ‘ಇಂಪೀರಿಯಲ್ ವಿಝರ್ಡ್’, ಅಂದರೆ ಇಡೀ ಸಂಘಟನೆಯ ಮುಖ್ಯಸ್ಥ. ತಮಾಷೆಯೆಂದರೆ, ಸಂಘಟನೆ ತನ್ನ ಗತ್ತಿಗೆಂದು ಕಟ್ಟಿಕೊಂಡ ಈ ವ್ಯವಸ್ಥೆಯೇ ಅದರ ಕೊರಳಿಗೆ ಉರುಳಾಯಿತು.

ಎರಡನೆಯದು ಪೂರ್ವೇತಿಹಾಸ. 1961ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಂ ಬಸ್ ನಿಲ್ದಾಣದಲ್ಲಿ ಫ್ರೀಡಂ ರೈಡರ್ಸ್ (ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಒಟ್ಟಾಗಿ ಪ್ರಯಾಣಿಸಿದ ಹೋರಾಟಗಾರರು) ಮೇಲೆ ಹಲ್ಲೆ, 1963ರ ಸೆಪ್ಟೆಂಬರ್ 15ರಂದು ನಾಲ್ವರು ಬಾಲಕಿಯರನ್ನು ಬಲಿ ತೆಗೆದುಕೊಂಡ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್ ಸ್ಫೋಟ, 1965ರ ಮಾರ್ಚ್‌ನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ವಯೋಲಾ ಲಿಯುಜ್ಜೊ ಹತ್ಯೆ. ಈ ಮೂರರಲ್ಲೂ ಇದೇ ಸಂಘಟನೆಯವರ ಕೈ ಇತ್ತು. ಇವುಗಳಲ್ಲಿ ಕೆಲವನ್ನು ಒಳಗಿನಿಂದ ಕಂಡಿದ್ದ ಗ್ಯಾರಿ ಥಾಮಸ್ ರೋ ಎಂಬ ಮಾಜಿ ಮಾಹಿತಿದಾರನ ಪ್ರಮಾಣಪೂರ್ವಕ ಹೇಳಿಕೆಯನ್ನು ಡೀಸ್ ಪಡೆದರು. ರೋ ಎಫ್‌ಬಿಐ ಸಂಬಳದ ಮೇಲೆ ಕ್ಲಾನ್‌ನಲ್ಲಿದ್ದವನು. ಬಸ್ ನಿಲ್ದಾಣದ ಹಲ್ಲೆಯ ಸುಳಿವನ್ನು ಎಫ್‌ಬಿಐಗೆ ಮೊದಲೇ ಕೊಟ್ಟಿದ್ದ. ಹಲ್ಲೆಯಲ್ಲಿ ತಾನೂ ಸೇರಿದ್ದ. ತಡೆಯಲು ಯಾರೂ ಬರಲಿಲ್ಲ. ಲಿಯುಜ್ಜೊ ಮೇಲೆ ಗುಂಡು ಹಾರಿದ ಕಾರಿನಲ್ಲಿಯೂ ಆತನಿದ್ದ. ನುಸುಳುವ ನಿಗಾ ಎಂಥ ಕೆಸರಿಗೆ ಇಳಿಸುತ್ತದೆ ಎಂಬುದಕ್ಕೆ ಈತನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹೊರಗೆ ನಿಂತು ಕಾಗದ ಕೂಡಿಡುವವರಿಗೆ ಆ ಪಾಪದ ಲೇಪವಿರುವುದಿಲ್ಲ.

ಮೂರನೆಯದೇ ಕಠಿಣವಾದದ್ದು. 1960ರ ದಶಕದ ಅಪರಾಧಗಳಿಂದ 1981ರ ಕೊಲೆಗೆ ಜಿಗಿಯಲು ಆಗುವುದಿಲ್ಲ. ನಡುವೆ ಸಂಘಟನೆ ಬದಲಾಗಿರಬಹುದು ಎಂದು ಪ್ರತಿವಾದಿ ಹೇಳಿದರೆ? ‘ಕಪ್ಪುವರ್ಣೀಯರನ್ನು ಕೊಲ್ಲಿ’ ಎಂಬ ಲಿಖಿತ ಆದೇಶವನ್ನು ಯಾವ ಮುಖಂಡನೂ ಕೊಡುವುದಿಲ್ಲ. ಶೆಲ್ಟನ್‌ಗಂತೂ ಕಾಗದದ ಅಪಾಯ ಚೆನ್ನಾಗಿ ಗೊತ್ತಿತ್ತು. 1960ರ ದಶಕದಲ್ಲಿ ಸಂಸತ್ ಸಮಿತಿ ಕ್ಲಾನ್ ದಾಖಲೆಗಳನ್ನು ಕೇಳಿದಾಗ ಕೊಡಲು ನಿರಾಕರಿಸಿ ಜೈಲಿಗೆ ಹೋಗಿ ಬಂದ ಮನುಷ್ಯ ಆತ.

ಆ ಪುಟ

ಸಂಘಟನೆಯ ಮುಖಪತ್ರಿಕೆ ‘ದಿ ಫಿಯರಿ ಕ್ರಾಸ್’. ಅದರ 1979ರ ಒಂದು ಸಂಚಿಕೆಯಲ್ಲಿ ವ್ಯಂಗ್ಯಚಿತ್ರವೊಂದಿತ್ತು. ಮೊದಲ ಚಿತ್ರದಲ್ಲಿ ಒಬ್ಬ ಬಿಳಿಯ, ಕಪ್ಪುವರ್ಣೀಯರನ್ನು ನಡೆಸಿಕೊಳ್ಳುತ್ತಿರುವ ರೀತಿ ಘೋರ, ಅವರಿಗೆ ಸಲ್ಲಬೇಕಾದದ್ದು ಸಲ್ಲುವಂತೆ ಬಿಳಿಯರೆಲ್ಲ ದುಡಿಯಬೇಕು ಎಂಬಂಥ ಮಾತನಾಡುತ್ತಾನೆ. ಓದುಗ ಒಂದು ಕ್ಷಣ ಬೆರಗಾಗಬೇಕು. ಹಾಳೆ ತಿರುವಿದರೆ ‘ಸಲ್ಲಬೇಕಾದದ್ದು’ ಏನೆಂದು ತಿಳಿಯುತ್ತದೆ: ಕಪ್ಪುವರ್ಣೀಯನೊಬ್ಬ, ಕೊರಳಲ್ಲಿ ಕುಣಿಕೆ.

ಮೊಬೀಲ್‌ನ ಮರದ ಮೇಲೆ ಕಂಡದ್ದಕ್ಕೂ ಈ ಚಿತ್ರಕ್ಕೂ ಇರುವ ಹೋಲಿಕೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನ್ಯಾಯಾಲಯದಲ್ಲಿ ಹೋಲಿಕೆ ಸಾಲದು. ಆ ಪತ್ರಿಕೆ ಕೊಲೆಗಾರನ ಕೈಗೆ ಬಂದಿತ್ತೇ, ಆತ ಅದನ್ನು ಹೇಗೆ ಅರ್ಥ ಮಾಡಿಕೊಂಡ ಎಂಬುದು ತಿಳಿಯಬೇಕು. ವಿಚಾರಣೆ 1987ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಅಲೆಕ್ಸ್ ಹೊವರ್ಡ್ ಅವರ ಮುಂದೆ ನಡೆಯಿತು. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಜೈಲಿನಿಂದ ಬಂದು ಸಾಕ್ಷಿ ಕಟ್ಟೆ ಹತ್ತಿದ ನೋಲ್ಸ್ ಕೈಗೆ ಡೀಸ್ ಆ ಚಿತ್ರವನ್ನು ಕೊಟ್ಟು ಕೇಳಿದರು. ಕಪ್ಪುವರ್ಣೀಯರನ್ನು ನೇಣಿಗೆ ಹಾಕಬೇಕೆಂಬುದೇ ಸಂಘಟನೆಯ ಇಚ್ಛೆಯೆಂದು ತಾನು ತಿಳಿದಿದ್ದೆ ಎಂಬುದು ಆತನ ಉತ್ತರದ ಸಾರ. ಕುಣಿಕೆಯನ್ನು ಕಟ್ಟಿದ ಕೈ ಮತ್ತು ಅಚ್ಚಾದ ಕುಣಿಕೆ ಅಲ್ಲಿ ಸೇರಿದವು.

ಇದು ಎಲ್ಲಿಂದಲೋ ಕದ್ದು ತಂದ ಗುಟ್ಟಿನ ದಾಖಲೆ ಅಲ್ಲ ಎಂಬುದನ್ನು ಗಮನಿಸಿ. ಚಂದಾ ಕೊಟ್ಟವರಿಗೆಲ್ಲ ಅಂಚೆಯಲ್ಲಿ ಬರುತ್ತಿದ್ದ ಪತ್ರಿಕೆ. ಅಚ್ಚಾದಾಗ ಅದರ ಮೇಲೆ ಯಾರೂ ಮೊಕದ್ದಮೆ ಹೂಡಲಾಗುತ್ತಿರಲಿಲ್ಲ. ಅಮೆರಿಕದ ವಾಕ್ ಸ್ವಾತಂತ್ರ್ಯದ ರಕ್ಷಣೆ ಅದಕ್ಕಿತ್ತು. ಎರಡು ವರ್ಷದ ನಂತರ ಕೊಲೆಯಾಗಿ, ಎಂಟು ವರ್ಷದ ನಂತರ ವಿಚಾರಣೆಯಾದಾಗ ಆ ಹಾಳೆ ಬೇಕಾದವರ ಕೈಯಲ್ಲಿ ಇತ್ತು. ಅಷ್ಟೇ ವ್ಯತ್ಯಾಸ.

ವಾದಗಳು ಮುಗಿಯುವ ಹೊತ್ತಿಗೆ ನೋಲ್ಸ್ ತಾನೂ ಎರಡು ಮಾತನಾಡಬೇಕೆಂದು ಕೇಳಿಕೊಂಡ. ಸಾಕ್ಷಿಗಳು ಹೇಳಿದ್ದೆಲ್ಲ ನಿಜವೆಂದು ಒಪ್ಪಿಕೊಂಡು, ತಾಯಿಯ ಕಡೆ ತಿರುಗಿ, ಅಳುತ್ತ ಕ್ಷಮೆ ಬೇಡಿದ. ಆಕೆ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಕ್ಷಮಿಸಿದ್ದೇನೆ ಎಂದರು. ಪತ್ರಿಕೆಗಳು ಈ ದೃಶ್ಯವನ್ನು ಮತ್ತೆ ಮತ್ತೆ ಬರೆದವು. ಬರೆಯದೆ ಇರುವುದಾದರೂ ಹೇಗೆ. ಆದರೂ ಜ್ಯೂರಿಯ ಮುಂದಿದ್ದ ಪ್ರಶ್ನೆ ಪಶ್ಚಾತ್ತಾಪದ್ದಲ್ಲ. ನೋಲ್ಸ್ ಒಳ್ಳೆಯವನೋ ಕೆಟ್ಟವನೋ ಎಂಬುದು ಅಂದು ಅಪ್ರಸ್ತುತವಾಗಿತ್ತು. ಆತ ಯಾರ ಪರವಾಗಿ ನಡೆದುಕೊಂಡ ಎಂಬುದೇ ಪ್ರಶ್ನೆಯಾಗಿತ್ತು.

ಎಪ್ಪತ್ತು ಲಕ್ಷ ಡಾಲರ್, ಒಂದು ಕಟ್ಟಡ

ಫೆಬ್ರವರಿ 12ರಂದು ತೀರ್ಪು ಬಂತು: ಪ್ರತಿವಾದಿಗಳು 70 ಲಕ್ಷ ಡಾಲರ್ ಪರಿಹಾರ ಕೊಡಬೇಕು. ಸಂಘಟನೆಯ ಹತ್ತಿರ ಅಷ್ಟು ಹಣ ಎಲ್ಲಿಯದು? ಇದ್ದ ಹೇಳಿಕೊಳ್ಳುವಂಥ ಆಸ್ತಿ ಟಸ್ಕಲೂಸಾದ ಪ್ರಧಾನ ಕಚೇರಿ ಕಟ್ಟಡ ಒಂದೇ. ಅದನ್ನು ತಾಯಿಯ ಹೆಸರಿಗೆ ಬರೆದುಕೊಟ್ಟರು. ಮಾರಿದಾಗ ಬಂದದ್ದು 50 ಸಾವಿರ ಡಾಲರ್‌ಗಿಂತ ತುಸು ಹೆಚ್ಚು. ಆ ಹಣದಲ್ಲಿ ಆಕೆ ಸ್ವಂತ ಮನೆ ಕೊಂಡರು, ಜೀವಮಾನದಲ್ಲಿ ಮೊದಲ ಬಾರಿಗೆ. 1988ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

70 ಲಕ್ಷವೆಂಬ ಅಂಕಿಗಿಂತ ನನಗೆ ತೂಕದ್ದೆನಿಸುವುದು ಬೇರೆ ಎರಡು ಫಲಗಳು. ಸಿವಿಲ್ ವಿಚಾರಣೆಯಲ್ಲಿ ಹೊರಬಿದ್ದ ಸಾಕ್ಷ್ಯದ ಆಧಾರದ ಮೇಲೆ ಬೆನ್ನಿ ಹೇಸ್ ಮತ್ತು ಕಾಕ್ಸ್ ಮೇಲೆ ಹೊಸದಾಗಿ ಕ್ರಿಮಿನಲ್ ಆರೋಪ ದಾಖಲಾಯಿತು. 1989ರಲ್ಲಿ ಕಾಕ್ಸ್‌ಗೆ ಶಿಕ್ಷೆಯಾಯಿತು. ಬೆನ್ನಿ ಹೇಸ್ ವಿಚಾರಣೆ ನಡೆಯುತ್ತಿರುವಾಗಲೇ ಕುಸಿದು ಬಿದ್ದು, ಮರುವಿಚಾರಣೆಗೆ ಮೊದಲೇ ಸತ್ತ. ಸಾಮಾನ್ಯವಾಗಿ ಕ್ರಿಮಿನಲ್ ತೀರ್ಪಿನ ಬೆನ್ನಿಗೆ ಸಿವಿಲ್ ದಾವೆ ಬರುತ್ತದೆ. ಇಲ್ಲಿ ಸಿವಿಲ್ ದಾವೆ ಕ್ರಿಮಿನಲ್ ಕಡತವನ್ನು ಮತ್ತೆ ತೆರೆಸಿತು. ತಾಯಿ ಕೇಳಿದ ‘ಯಾರು ಯಾರು’ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಹೀಗೆ. ಎರಡನೆಯದಾಗಿ, ಯುನೈಟೆಡ್ ಕ್ಲಾನ್ಸ್ ಮತ್ತೆ ಏಳಲಿಲ್ಲ. ಕ್ಲಾನ್ ಮುಗಿದ ಕಥೆಯೆಂದು ಶೆಲ್ಟನ್ ಸ್ವತಃ 1990ರ ದಶಕದಲ್ಲಿ ಒಪ್ಪಿಕೊಂಡ.

ಇದೇ ದಾರಿಯಲ್ಲಿ ಮುಂದೆ ಇನ್ನೂ ಗೆಲುವುಗಳು ಬಂದವು. ಪೋರ್ಟ್‌ಲ್ಯಾಂಡ್‌ನಲ್ಲಿ ಇಥಿಯೋಪಿಯ ಮೂಲದ ಮುಲುಗೆಟಾ ಸೆರಾವ್ ಹತ್ಯೆಗೆ ಪ್ರಚೋದನೆ ನೀಡಿದ್ದಕ್ಕಾಗಿ ಬಿಳಿಯ ಶ್ರೇಷ್ಠತಾವಾದಿ ಟಾಮ್ ಮೆಟ್ಸ್‌ಗರ್ ಮತ್ತು ಆತನ ಸಂಘಟನೆಯ ವಿರುದ್ಧ 1990ರಲ್ಲಿ 1.25 ಕೋಟಿ ಡಾಲರ್ ತೀರ್ಪು. 2000ದಲ್ಲಿ ಐಡಾಹೋ ರಾಜ್ಯದ ನವನಾಜಿ ಸಂಘಟನೆ ಆರ್ಯನ್ ನೇಷನ್ಸ್ ವಿರುದ್ಧ 63 ಲಕ್ಷ ಡಾಲರ್ ತೀರ್ಪು. ಆರ್ಯನ್ ನೇಷನ್ಸ್ ತನ್ನ ನೆಲೆಯನ್ನೇ ಕಳೆದುಕೊಂಡಿತು.

ಗೆದ್ದವರ ಲೆಕ್ಕಪತ್ರ

ಪ್ರಕರಣ ಅಧ್ಯಯನ ಇಲ್ಲಿಗೆ ನಿಂತರೆ ಅದು ಅಭಿನಂದನಾ ಪತ್ರವಾಗುತ್ತದೆ. ಗೆದ್ದ ಸಂಸ್ಥೆಯ ಮೇಲೂ ಕಣ್ಣಿಡಬೇಕಲ್ಲವೇ?

1986ರಲ್ಲಿ, ಅಂದರೆ ಈ ದಾವೆ ವಿಚಾರಣೆಗೆ ಬರುವ ಮೊದಲೇ, ಡೀಸ್ ಹೊರತು ಸಂಸ್ಥೆಯ ವಕೀಲರೆಲ್ಲ ರಾಜೀನಾಮೆ ಕೊಟ್ಟು ಹೊರನಡೆದರು. ಬಡವರ ವಸತಿ, ಕೈದಿಗಳ ಹಕ್ಕು ಮುಂತಾದ ಕೆಲಸ ಬಿಟ್ಟು ಕ್ಲಾನ್ ಹಿಂದೆ ಬಿದ್ದದ್ದಕ್ಕೆ ಅವರ ತಕರಾರಿತ್ತು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕ್ಲಾನ್ ವಿರುದ್ಧ ದೇಣಿಗೆ ಕೇಳುವುದು ಸುಲಭ. ಮುಸುಕು ತೊಟ್ಟ ಶತ್ರು ಪತ್ರದ ಮೊದಲ ಸಾಲಿನಲ್ಲಿಯೇ ಕಣ್ಣಿಗೆ ಕಟ್ಟುತ್ತಾನೆ. ಬಡವನ ಬಾಡಿಗೆ ಜಗಳಕ್ಕೆ ಯಾರು ಚೆಕ್ ಬರೆಯುತ್ತಾರೆ? ನೇರ ಅಂಚೆ ಮಾರಾಟದಲ್ಲಿ ಹಣ ಮಾಡಿ ಬಂದಿದ್ದ ಡೀಸ್‌ಗೆ ಈ ಗಣಿತ ಚೆನ್ನಾಗಿ ತಿಳಿದಿತ್ತು. ಡೊನಾಲ್ಡ್ ಪ್ರಕರಣವೂ ದೇಣಿಗೆ ಪತ್ರಗಳಿಗೆ ವಸ್ತುವಾಯಿತು. ತಾಯಿಗೆ ಬಂದ ಮೊತ್ತವನ್ನೂ ಸಂಸ್ಥೆಗೆ ಹರಿದುಬಂದ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ಟೀಕಾಕಾರರು ಪ್ರಶ್ನಿಸಿದರು. 1994ರಲ್ಲಿ ಮಾಂಟ್ಗೊಮರಿಯ ದಿನಪತ್ರಿಕೆಯೇ ಸಂಸ್ಥೆಯ ಹಣಕಾಸು ಮತ್ತು ಒಳಗಿನ ತಾರತಮ್ಯದ ಬಗ್ಗೆ ದೀರ್ಘ ಸರಣಿ ಪ್ರಕಟಿಸಿತು; ಅದು ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಯಿತು. 2019ರ ಮಾರ್ಚ್‌ನಲ್ಲಿ ಸಂಸ್ಥೆ ಡೀಸ್‌ರನ್ನೇ ಹೊರಹಾಕಿತು.

ಇದಕ್ಕಿಂತ ಗಂಭೀರವಾದದ್ದು ವಿಧಾನದಲ್ಲಿ ಆದ ಬದಲಾವಣೆ. ಡೊನಾಲ್ಡ್ ಪ್ರಕರಣದಲ್ಲಿ ಕಾಗದ ಒಂದು ನಿರ್ದಿಷ್ಟ ಕೊಲೆಗೆ, ನಿರ್ದಿಷ್ಟ ವ್ಯಕ್ತಿಗೆ ಜೋಡಣೆಯಾಗಬೇಕಿತ್ತು. ಎದುರು ವಕೀಲರ ಪಾಟಿ ಸವಾಲನ್ನು ತಾಳಿಕೊಳ್ಳಬೇಕಿತ್ತು. ಸಂಸ್ಥೆ ಬೆಳೆದಂತೆ ಅದರ ಹೆಸರಿಗೆ ಹೆಚ್ಚು ಅಂಟಿಕೊಂಡದ್ದು ‘ದ್ವೇಷ ಗುಂಪುಗಳ’ ವಾರ್ಷಿಕ ಪಟ್ಟಿ ಮತ್ತು ನಕ್ಷೆ. ಪಟ್ಟಿಗೆ ಪಾಟಿ ಸವಾಲು ಹಾಕುವವರಿಲ್ಲ. ಸಂಸ್ಥೆ ಸಿದ್ಧಪಡಿಸಿದ ಮುಸ್ಲಿಂ ವಿರೋಧಿ ತೀವ್ರವಾದಿಗಳ ಪಟ್ಟಿಯಲ್ಲಿ ಬ್ರಿಟನ್ನಿನ ಸುಧಾರಣಾವಾದಿ ಮಾಜಿದ್ ನವಾಜ್ ಹೆಸರು ಸೇರಿತು. 2018ರಲ್ಲಿ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿ 33.75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2012ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಸಂಪ್ರದಾಯವಾದಿ ಸಂಘಟನೆಯೊಂದರ ಕಚೇರಿಗೆ ಬಂದೂಕು ಹಿಡಿದು ನುಗ್ಗಿ ಕಾವಲುಗಾರನಿಗೆ ಗುಂಡು ಹೊಡೆದವನು, ಗುರಿಯನ್ನು ಸಂಸ್ಥೆಯ ದ್ವೇಷ ಗುಂಪುಗಳ ಪಟ್ಟಿಯಿಂದಲೇ ಆರಿಸಿಕೊಂಡೆ ಎಂದು ತನಿಖಾಧಿಕಾರಿಗಳಿಗೆ ಹೇಳಿದ್ದ. ಪಟ್ಟಿ ಮಾಡಿದವರೇ ಅದಕ್ಕೆ ಹೊಣೆ ಎಂದು ನಾನು ಹೇಳಲಾರೆ. ಆದರೆ ಮುಖಪತ್ರಿಕೆಯ ಚಿತ್ರವೊಂದು ಓದುಗನ ಕೈಗೆ ಏನು ಕೊಡುತ್ತದೆ ಎಂದು ಜ್ಯೂರಿಗೆ ವಿವರಿಸಿ ಗೆದ್ದ ಸಂಸ್ಥೆ, ತನ್ನ ಪ್ರಕಟಣೆಯ ಬಗ್ಗೆ ಅದೇ ಪ್ರಶ್ನೆ ಬಂದಾಗ ಸಿಡಿಮಿಡಿಗೊಳ್ಳುವ ಹಾಗಿಲ್ಲ.

ಹೊಣೆ ಹೊರುವ ಸಂಘಟನೆಯೇ ಇಲ್ಲದಿದ್ದರೆ

ಯುನೈಟೆಡ್ ಕ್ಲಾನ್ಸ್ ಸೋತದ್ದು ತನಗೆ ಹೆಸರು, ಹುದ್ದೆ, ಕಟ್ಟಡ, ಮುಖಪತ್ರಿಕೆ ಎಲ್ಲ ಇದ್ದದ್ದರಿಂದ. ಈ ದೌರ್ಬಲ್ಯವನ್ನು ಕ್ಲಾನ್‌ನೊಳಗಿನವರೇ ಕಂಡುಕೊಂಡಿದ್ದರು. ಲೂಯಿಸ್ ಬೀಮ್ ಎಂಬ ಕ್ಲಾನ್ ಮುಖಂಡ 1983ರಲ್ಲಿಯೇ ‘ನಾಯಕರಿಲ್ಲದ ಪ್ರತಿರೋಧ’ದ ಬಗ್ಗೆ ಬರೆದಿದ್ದ: ಶ್ರೇಣಿ ಬೇಡ, ಆದೇಶ ಬೇಡ, ಚಿಕ್ಕ ಗುಂಪುಗಳೋ ಒಬ್ಬಂಟಿಗಳೋ ತಮಗೆ ತೋಚಿದಂತೆ ಎರಗಲಿ. 1990ರ ದಶಕದಲ್ಲಿ ಆ ಬರಹ ಮತ್ತೆ ಹರಡಿತು. ನ್ಯಾಯಾಲಯದ ಸೋಲುಗಳು ಆ ಸಲಹೆಗೆ ಬೆಲೆ ತಂದುಕೊಟ್ಟವು ಎಂಬುದು ನನ್ನ ಅಂದಾಜು. ಚಾಲಕನಿದ್ದು ಸಾಗಾಣಿಕೆ ಸಂಸ್ಥೆಯೇ ಇಲ್ಲದಿದ್ದರೆ ದಾವೆ ಯಾರ ಮೇಲೆ?

ಇದಕ್ಕೊಂದು ಉತ್ತರ ಸಿಕ್ಕಿದ್ದು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ. 2017ರ ಆಗಸ್ಟ್‌ನ ಬಿಳಿಯ ಶ್ರೇಷ್ಠತಾವಾದಿಗಳ ಸಮಾವೇಶದಲ್ಲಿ ಗಾಯಗೊಂಡವರ ಪರವಾಗಿ ಇಂಟೆಗ್ರಿಟಿ ಫಸ್ಟ್ ಫಾರ್ ಅಮೆರಿಕ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಲ್ಲಿ ದಾವೆ ಹೂಡಲಾಯಿತು. ಇಲ್ಲಿ ಮಾಲೀಕನ ಹೊಣೆಯ ವಾದ ನಡೆಯುವಂತಿರಲಿಲ್ಲ. ಹಾಗಾಗಿ ಒಳಸಂಚಿನ ವಾದ ಹೂಡಿದರು. ಹಳೆಯ ಪತ್ರಿಕೆಯ ಜಾಗಕ್ಕೆ ಡಿಸ್ಕಾರ್ಡ್ ಎಂಬ ಆನ್‌ಲೈನ್ ಹರಟೆ ವೇದಿಕೆಯ ಸಂದೇಶಗಳು ಬಂದವು. ಸಂಘಟಕರು ಹಿಂಸೆಯ ಬಗ್ಗೆ ತಮ್ಮ ತಮ್ಮಲ್ಲಿ ಆಡಿಕೊಂಡಿದ್ದ ಆ ಮಾತುಗಳನ್ನು ಯೂನಿಕಾರ್ನ್ ರಯಟ್ ಎಂಬ ಲಾಭರಹಿತ ಮಾಧ್ಯಮ ಬಳಗ ಪಡೆದು ಪ್ರಕಟಿಸಿತ್ತು. ಪ್ರತಿವಾದಿಗಳಲ್ಲಿ ಕೆಲವರು ಶೆಲ್ಟನ್‌ನಂತೆಯೇ ದಾಖಲೆ ಕೊಡದೆ ಸತಾಯಿಸಿ ನ್ಯಾಯಾಲಯದ ಕೋಪಕ್ಕೆ ಗುರಿಯಾದರು. 2021ರ ನವೆಂಬರ್‌ನಲ್ಲಿ ಜ್ಯೂರಿ ಫೆಡರಲ್ ಒಳಸಂಚಿನ ಆರೋಪಗಳ ಮೇಲೆ ಒಮ್ಮತಕ್ಕೆ ಬರಲಿಲ್ಲ. ರಾಜ್ಯದ ಕಾನೂನಿನಡಿ ಮಾತ್ರ ಪ್ರತಿವಾದಿಗಳನ್ನು ಹೊಣೆ ಮಾಡಿ 2.5 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ವಿಧಿಸಿತು. ದಂಡನಾತ್ಮಕ ಪರಿಹಾರಕ್ಕೆ ವರ್ಜೀನಿಯಾದಲ್ಲಿ 3.5 ಲಕ್ಷ ಡಾಲರ್ ಮಿತಿ ಇರುವುದರಿಂದ ನ್ಯಾಯಾಧೀಶರು ಆ ಮೊತ್ತವನ್ನು ಬಹಳಷ್ಟು ಕತ್ತರಿಸಿದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಮಿತಿ ಒಬ್ಬೊಬ್ಬ ಫಿರ್ಯಾದಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆಂದು ಹೇಳಿ ಒಂದಿಷ್ಟನ್ನು ಮರಳಿ ಕೊಡಿಸಿತು.

ಆ ಹೊತ್ತಿಗೆ ಇಂಟೆಗ್ರಿಟಿ ಫಸ್ಟ್ ಇರಲಿಲ್ಲ. ತೀರ್ಪು ಬಂದ ಮರುವರ್ಷ, 2022ರ ಕೊನೆಗೆ, ಸಂಸ್ಥೆ ತನ್ನ ಕೆಲಸ ನಿಲ್ಲಿಸಿ ಬಾಗಿಲು ಮುಚ್ಚಿತ್ತು. ಮಾಂಟ್ಗೊಮರಿಯ ಸಂಸ್ಥೆ ನೂರಾರು ಮಿಲಿಯನ್ ಡಾಲರ್ ನಿಧಿ ಇಟ್ಟುಕೊಂಡು ಬೆಳೆದದ್ದನ್ನು ನೋಡಿದವರಿಗೆ ಈ ನಡೆ ಹಿತವೆನಿಸಬಹುದು. ಆದರೆ 1979ರ ಪತ್ರಿಕೆಯನ್ನು 1987ಕ್ಕೆ ಎತ್ತಿಕೊಡಲು ನಡುವಿನ ವರ್ಷಗಳಲ್ಲಿ ಕಪಾಟು ಇಟ್ಟುಕೊಂಡು ಕೂರುವ ಯಾರಾದರೂ ಬೇಕಾಗುತ್ತದೆ, ಅವರ ಸಂಬಳಕ್ಕೆ ಹಣವೂ ಬೇಕಾಗುತ್ತದೆ. ದೇಣಿಗೆ ಪತ್ರದ ಅತಿಶಯೋಕ್ತಿಯಿಲ್ಲದೆ ಆ ಹಣ ಕೂಡಿಸುವುದು ಹೇಗೆಂದು ಈ ಕ್ಷೇತ್ರದಲ್ಲಿ ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ.